ಎಂಟನೆಯ ಅಧ್ಯಾಯದ ಬಾವಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಸಂಜೆ ಹೊರಡುವ ಬಸ್ಸಿನಲ್ಲಿ ಕೂತು ಸೋಮಶೇಖರ್ ಕಾದಂಬರಿ ಬರೆಯುತ್ತಿದ್ದ. ಕಚೇರಿಯ ಗುಮಾಸ್ತಿಕೆ ಮುಗಿಸಿ, ಕಿಟಕಿ ಪಕ್ಕದ ಸೀಟು ಹಿಡಿದು, ಮೊಬೈಲಿನಲ್ಲಿ ಹೆಬ್ಬೆರಳಿನಿಂದಲೇ ಒತ್ತುತ್ತಾ ಹೋಗುತ್ತಿದ್ದ. ತೆರಕಣಾಂಬಿ ದಾಟುವಷ್ಟರಲ್ಲಿ ಒಂದು ಪುಟವಾದರೆ ಅಂದಿನ ಮಟ್ಟಿಗೆ ಅವನು ಸುಖಿ. ಬಸ್ಸಿನಲ್ಲಿ ನಿಂತುಕೊಂಡೇ ಬರಬೇಕಾದ ದಿನ ಏನೂ ಆಗುತ್ತಿರಲಿಲ್ಲ. ಮನೆಗೆ ಬಂದು ಹೆಂಡತಿ ರೂಪಶ್ರೀಯ ಮೇಲೆ ಸುಮ್ಮನೆ ಸಿಡುಕುತ್ತಿದ್ದ.

ಅವನು ಬರೆಯುವ ವಿಷಯ ಕಚೇರಿಯಲ್ಲಿ ಗೊತ್ತಿದ್ದದ್ದು ಶಂಕರ್‌ಗೆ ಮಾತ್ರ. ಶಂಕರ್ ಅವನ ಎದುರು ಮೇಜಿನವನು, ಚಾಮರಾಜನಗರದಲ್ಲೇ ಮನೆ. ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಬರುತ್ತಿದ್ದರು. ಇಬ್ಬರ ಮೂಲವೂ ಹರವೆ ಕಡೆಯ ಒಂದೇ ಹಳ್ಳಿ. ಸೋಮಶೇಖರನ ತಾತ ದೊಡ್ಡಮಲ್ಲಪ್ಪ ಅಲ್ಲಿಯ ದೊಡ್ಡ ಕುಳ. ಶಂಕರನ ಅಪ್ಪ ಲಿಂಗಯ್ಯ ಅದೇ ದೊಡ್ಡಮಲ್ಲಪ್ಪನ ಹೊಲದಲ್ಲಿ ಕೂಲಿ ಮಾಡಿದವನು. ಊರಲ್ಲಿ ಅವರ ಮನೆಗಳು ಎರಡು ತುದಿಯಲ್ಲಿದ್ದವು. ಬಸ್ಸಿನಲ್ಲಿ ಮಾತ್ರ ಒಂದೇ ಸೀಟು.

ಒಂದು ಬೆಳಗ್ಗೆ, "ಕತೆ ಮುಂದಕ್ಕೇ ಹೋಗ್ತಿಲ್ಲ ಕಣೋ" ಎಂದು ಸೋಮಶೇಖರ್ ಪೇಚಾಡಿಕೊಂಡಾಗ, ಶಂಕರ್ ಕೇಳಿದ: "ನಮ್ಮಪ್ಪ ನಿಮ್ಮ ಬಾವಿಗೆ ಇಳ್ದಿದ್ದು ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ. ಶಂಕರ್ ಹೇಳಿದ.

ದೊಡ್ಡಮಲ್ಲಪ್ಪನ ಎರೆಹೊಲದಲ್ಲಿ ಬಾವಿ ತೋಡಿದವರಲ್ಲಿ ಲಿಂಗಯ್ಯನೂ ಒಬ್ಬ. ಆಗಿನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ನೀರು ಬಂದ ದಿನ ಪೂಜೆ ಆಯಿತು. ಅಂದಿನಿಂದ ತೋಡಿದವರು ಯಾರೂ ಬಾವಿಯ ಮೆಟ್ಟಿಲು ಮುಟ್ಟುವಂತಿರಲಿಲ್ಲ. ಬಾಯಾರಿದರೆ ದೂರ ನಿಂತು ಕೂಗಬೇಕು, ಯಾರಾದರೂ ಬಂದು ಬೊಗಸೆಗೆ ಹೊಯ್ಯಬೇಕು. ಒಂದು ಮಧ್ಯಾಹ್ನ ಉಳುಮೆ ನಡೆದಿತ್ತು. ಲಿಂಗಯ್ಯ ಎಷ್ಟು ಕೂಗಿದರೂ ಯಾರೂ ಬರಲಿಲ್ಲ. ಅವನು ನೇಗಿಲು ಬಿಟ್ಟು ಸೀದಾ ಹೋಗಿ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಹೊಟ್ಟೆ ತುಂಬ ಕುಡಿದ. ಮೇಲೆ ಬಂದಾಗ ದೊಡ್ಡಮಲ್ಲಪ್ಪ ಬಾರುಕೋಲು ಹಿಡಿದು ನಿಂತಿದ್ದ. ಬೆನ್ನಿನ ಚರ್ಮ ಕಿತ್ತು ಬಂದಿತ್ತು. ಊರಲ್ಲಿ ಯಾರೂ ಕೂಲಿಗೆ ಕರೆಯದಂತಾಗಿ, ಲಿಂಗಯ್ಯ ಗುಂಡ್ಲುಪೇಟೆಗೆ ಬಂದು ಲಾರಿಗೆ ಮೂಟೆ ಹೊತ್ತ. ಆ ದುಡಿಮೆಯಲ್ಲೇ ಮಗನನ್ನು ಓದಿಸಿದ.

"ಇದನ್ನ ಬರಿ ಸೋಮು" ಎಂದ ಶಂಕರ್. "ನೀನು ಬರೆದ್ರೆ ಅದಕ್ಕೊಂದು ಬೆಲೆ. ನಾನು ಬರೆದ್ರೆ ದ್ವೇಷಕ್ಕೆ ಬರ್ದವ್ನೆ ಅಂತಾರೆ."

ಅಂದು ಸಂಜೆಯೇ ಸೋಮಶೇಖರ್ ಬರೆಯಲು ಕೂತ. ಎರಡು ಸಂಜೆಯಲ್ಲಿ ಎಂಟನೆಯ ಅಧ್ಯಾಯ ಮುಗಿಯಿತು. ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದ, ಹೆಸರುಗಳನ್ನಷ್ಟೇ ಬದಲಾಯಿಸಿದ್ದ. ಆಮೇಲೆ ಉಳಿದ ಕಾದಂಬರಿ ತಾನಾಗಿ ಬಂತು. ಹೆಸರು 'ಎರೆಹೊಲದ ಬಾವಿ' ಎಂದಿಟ್ಟ.

ಮೈಸೂರಿನ ಒಬ್ಬ ಪ್ರಕಾಶಕರು ಉತ್ತರ ಕೊಡಲಿಲ್ಲ. ಇನ್ನೊಬ್ಬರು ಮುಂದಿನ ವರ್ಷ ನೋಡೋಣ ಎಂದರು. ಅಷ್ಟು ಕಾಯುವ ತಾಳ್ಮೆ ಅವನಿಗಿರಲಿಲ್ಲ. ತಾಯಿಯ ಹೆಸರಿನಲ್ಲಿ 'ಚಿಕ್ಕಮಲ್ಲಮ್ಮ ಪ್ರಕಾಶನ' ಎಂದು ತಾನೇ ಶುರುಮಾಡಿ, ಚಾಮರಾಜನಗರದಲ್ಲಿ ಸುನೀಲ್ ಕುಮಾರ್ ಎಂಬವನ ಡಿಟಿಪಿ ಸೆಂಟರಿನಲ್ಲಿ ಪುಟ ಕಟ್ಟಿಸಿದ. ಮುನ್ನುಡಿಯಲ್ಲಿ, 'ಎಂಟನೆಯ ಅಧ್ಯಾಯ ನಮ್ಮ ಹೊಲದಲ್ಲೇ ನಡೆದ ನಿಜ ಸಂಗತಿ. ಅದನ್ನು ಕೊಟ್ಟ ಗೆಳೆಯ ಶಂಕರ್ ಮತ್ತು ಹಿರಿಯ ಲಿಂಗಯ್ಯನವರಿಗೆ ಋಣಿ' ಎಂದು ಬರೆದ. ಶಂಕರ್ ಓದಲು ಕೇಳಿದರೆ, "ಅಚ್ಚಾಗಿ ಬರ್ಲಿ, ಪುಸ್ತಕಾನೇ ಕೈಗೆ ಕೊಡ್ತೀನಿ" ಎಂದ.

ಕೊನೆಯ ಪ್ರೂಫ್ ನೋಡುವ ವಾರ ಚಿಕ್ಕಪ್ಪನ ಮಗ ದಿಲೀಪ್ ಫೋನ್ ಮಾಡಿದ. ಊರಲ್ಲಿ ಅಂಗಡಿ ಇಟ್ಟುಕೊಂಡು, ಪಂಚಾಯಿತಿ ರಾಜಕೀಯದಲ್ಲಿ ಓಡಾಡುವವನು. "ಸೋಮಣ್ಣ, ತಾತನ ಬಗ್ಗೆ ಬರ್ದಿದ್ದೀಯಂತೆ? ನಾವೆಲ್ಲ ಒಂದು ಗಾಡಿ ಮಾಡ್ಕೊಂಡು ಬತ್ತೀವಿ. ದೊಡ್ಡವ್ವಂಗೂ ಹೊಸ ಸೀರೆ ಉಡ್ಸಿ ಕರ್ಕಂಡ್ ಬತ್ತೀನಿ. ಚೆನ್ನಾಗೇ ಬರ್ದಿದ್ದೀಯ ತಾನೆ?"

"ಹೂಂ ಕಣೋ, ಚೆನ್ನಾಗಿದೆ" ಎಂದುಬಿಟ್ಟ ಸೋಮಶೇಖರ್.

ದಿಲೀಪ್ ಇನ್ನೊಂದು ಮಾತೂ ಆಡಲಿಲ್ಲ, ಹೆದರಿಸಲೂ ಇಲ್ಲ. ಅದನ್ನು ಸೋಮಶೇಖರ್ ಆಮೇಲೆ ಎಷ್ಟೋ ಸಲ ನೆನೆದುಕೊಂಡ. ಯಾರಾದರೂ ಹೆದರಿಸಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಮಾರನೆಯ ದಿನ ತಾನೇ ಡಿಟಿಪಿ ಸೆಂಟರಿಗೆ ಹೋಗಿ, ಸುನೀಲ್ ಕುಮಾರನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಎಂಟನೆಯ ಅಧ್ಯಾಯದ ಕೊನೆಯ ಪುಟಗಳನ್ನು ಬದಲಾಯಿಸಿದ. ಈಗ ಆಳು ಬಾವಿಯ ಬಳಿ ಬಾಯಾರಿ ಕುಸಿಯುತ್ತಾನೆ. ಯಜಮಾನ ಓಡಿಬರುತ್ತಾನೆ, ಜನ ಬೇಡವೆಂದರೂ ಕೇಳದೆ ತಾನೇ ಮೆಟ್ಟಿಲಿಳಿದು ನೀರು ತಂದು, ಆಳಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸುತ್ತಾನೆ. ಇಡೀ ಪುಸ್ತಕದಲ್ಲಿ ಇಷ್ಟು ಸರಾಗವಾಗಿ ಬೇರೆ ಯಾವ ಪುಟವೂ ಬಂದಿರಲಿಲ್ಲ. ಕಾದಂಬರಿ ಎಂದ ಮೇಲೆ ಕಲ್ಪನೆ ಇರುವುದೇ ಎಂದು ತನಗೆ ತಾನೇ ಹೇಳಿಕೊಂಡ. ಮುನ್ನುಡಿಯ ಸಾಲು ಹಾಗೇ ಉಳಿಯಿತು. ಅದು ನೆನಪಿಗೆ ಬರಲಿಲ್ಲವೋ, ನೆನಪು ಮಾಡಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲವೋ ಹೇಳುವುದು ಕಷ್ಟ.

ಬಿಡುಗಡೆ ಗುಂಡ್ಲುಪೇಟೆಯ ಒಂದು ಸಮುದಾಯ ಭವನದಲ್ಲಿ, ಭಾನುವಾರ ಬೆಳಗ್ಗೆ. ಮುಂದಿನ ಸಾಲಿನಲ್ಲಿ ತಾಯಿ ಚಿಕ್ಕಮಲ್ಲಮ್ಮ, ದಿಲೀಪ್, ನೆಂಟರು. ಅದೇ ಸಾಲಿನ ಕೊನೆಯಲ್ಲಿ ಬಿಳಿ ಪಂಚೆಯುಟ್ಟ ಲಿಂಗಯ್ಯ, ಶಂಕರ್, ಶಂಕರನ ಮಗಳು ಮಾನಸ. ಮಾನಸ ಬಿ.ಇಡಿ. ಓದುತ್ತಿದ್ದಳು. ಬಾಗಿಲಲ್ಲಿ ಕೊಟ್ಟ ಪುಸ್ತಕವನ್ನು ಬಿಡಿಸಿ ಅಪ್ಪ ಹೇಳಿದ್ದ ಅಧ್ಯಾಯ ಹುಡುಕಿಕೊಂಡಳು.

ವೇದಿಕೆಯ ಮೇಲಿದ್ದ ಸೋಮಶೇಖರ್ ಅವಳನ್ನೇ ನೋಡುತ್ತಿದ್ದ. ಅವಳು ನಗುತ್ತಾ ಓದತೊಡಗಿದಳು. ಪುಟ ತಿರುಗಿಸಿದಳು. ಮತ್ತೆ ಹಿಂದಿನ ಪುಟಕ್ಕೆ ಹೋದಳು, ಏನೋ ತಪ್ಪಿ ಓದಿದೆನೇ ಎಂಬಂತೆ. ಆಮೇಲೆ ಪುಸ್ತಕವನ್ನು ಅಪ್ಪನ ಮಡಿಲಿಗಿಟ್ಟು ಬೆರಳಿಂದ ಒಂದು ಜಾಗ ತೋರಿಸಿದಳು. ಶಂಕರ್ ಓದಿದ. ತಲೆಯೆತ್ತಿ ವೇದಿಕೆಯ ಕಡೆ ನೋಡಲಿಲ್ಲ. ಸೋಮಶೇಖರನಿಗೆ ಎದ್ದು ಓಡೋಣವೆಂದರೆ ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ.

ಮುಖ್ಯ ಅತಿಥಿ ನೀಲಕಂಠಸ್ವಾಮಿ ನಿವೃತ್ತ ಉಪನ್ಯಾಸಕರು, ಒಳ್ಳೆಯ ಮಾತುಗಾರರು. ಎಂಟನೆಯ ಅಧ್ಯಾಯವನ್ನೇ ಎತ್ತಿಕೊಂಡರು. "ಯಜಮಾನ ಆಳಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸುತ್ತಾನೆ. ಇದು ಕಲ್ಪನೆಯಲ್ಲ ಸ್ವಾಮಿ! ಲೇಖಕರು ಮುನ್ನುಡಿಯಲ್ಲೇ ಬರೆದಿದ್ದಾರೆ. ಆ ಯಜಮಾನ ಇವರ ತಾತ. ಆ ನೀರು ಕುಡಿದ ಹಿರಿಯರು ಇಲ್ಲೇ ನಮ್ಮೆದುರು ಕೂತಿದ್ದಾರೆ." ದಿಲೀಪ್ ಮೊದಲು ಚಪ್ಪಾಳೆ ತಟ್ಟಿದ. ಚಿಕ್ಕಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಿರೂಪಕ ಲಿಂಗಯ್ಯನನ್ನು ವೇದಿಕೆಗೆ ಕರೆದ.

ಲಿಂಗಯ್ಯ ನಿಧಾನವಾಗಿ ಮೆಟ್ಟಿಲು ಹತ್ತಿಬಂದ. ಸೋಮಶೇಖರನೇ ಶಾಲು ಹೊದಿಸಬೇಕಾಯಿತು. ಹೊದಿಸುವಾಗ ಆ ಬೆನ್ನು ಅವನ ಕೈಗೆ ತಾಗಿತು. ತೆಳ್ಳನೆಯ ಅಂಗಿಯ ಕೆಳಗೆ ಏನೂ ಗೊತ್ತಾಗಲಿಲ್ಲ. ಆದರೂ ಕೈ ಹಿಂದಕ್ಕೆಳೆದುಕೊಂಡ. ಮೈಕನ್ನು ಲಿಂಗಯ್ಯನ ಮುಂದೆ ಹಿಡಿದರು. ಅವನು ಸಭೆಯನ್ನು ನೋಡಿದ, ಮುಂದಿನ ಸಾಲಿನಲ್ಲಿ ದೊಡ್ಡಮಲ್ಲಪ್ಪನ ಸೊಸೆಯನ್ನು ನೋಡಿದ, ಮೊಮ್ಮಗಳನ್ನು ನೋಡಿದ.

"ಬಾವಿ ತೋಡ್ದೋರು ನಾವೇ ಬುದ್ದಿ" ಎಂದ. "ನೀರು ಸಿಹಿಯಾಗಿತ್ತು. ಇನ್ನೇನ್ ಏಳ್ಲಿ ನಾನು?"

ಅಷ್ಟೇ ಹೇಳಿ ಇಳಿದುಹೋದ. ಜನ ಮತ್ತೆ ಚಪ್ಪಾಳೆ ತಟ್ಟಿದರು. ಮುದುಕನ ವಿನಯ ನೋಡಿ ಎಂದು ನೀಲಕಂಠಸ್ವಾಮಿ ಸೋಮಶೇಖರನ ಕಿವಿಯಲ್ಲಿ ಉಸುರಿದರು. ಲೇಖಕರ ಮಾತಿನ ಸರದಿ ಬಂದಾಗ ಸೋಮಶೇಖರ್ ಎದ್ದುನಿಂತ. ಈಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದ, ಬಂದವರಿಗೆ, ಅಚ್ಚು ಹಾಕಿದವರಿಗೆ, ಊಟದ ವ್ಯವಸ್ಥೆ ಮಾಡಿದವರಿಗೆ ವಂದನೆ ಹೇಳಿ ಕೂತುಬಿಟ್ಟ.

ಊಟಕ್ಕೆ ಎಲೆ ಹಾಕುತ್ತಿದ್ದಾಗ ಶಂಕರನ ಮನೆಯವರು ಗೇಟಿನ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಸೋಮಶೇಖರ್ ಓಡಿದ. "ಶಂಕರ, ಊಟ ಮಾಡ್ಕೊಂಡು ಹೋಗೋ" ಎಂದ.

"ಅಪ್ಪಂಗೆ ಸುಸ್ತಾಗಿದೆ" ಎಂದ ಶಂಕರ್, ನೆಲ ನೋಡುತ್ತಾ.

ಮಾನಸ ಮಾತ್ರ ನೇರವಾಗಿ ನೋಡಿದಳು. "ಅಂಕಲ್, ನಮ್ಮ ತಾತ ತಾವೇ ಬಾವಿಗಿಳಿದು ನೀರು ಕುಡಿದ್ರು. ಯಾರೂ ಕುಡಿಸಿದ್ದಲ್ಲ. ಏಟು ಬೀಳುತ್ತೆ ಅಂತ ಗೊತ್ತಿದ್ದೂ ಇಳಿದ್ರು. ಚಿಕ್ಕೋಳಿದ್ದಾಗಿಂದ ಅದನ್ನೇ ಕೇಳ್ಕೊಂಡು ಬೆಳೆದಿದ್ದೀನಿ. ನಿಮ್ಮ ತಾತನ ತಪ್ಪು ಮುಚ್ಚಬೇಕು ಅಂತಿದ್ರೆ ಆ ಅಧ್ಯಾಯಾನೇ ತೆಗೆದುಬಿಡಬಹುದಿತ್ತು. ನಮ್ಮ ತಾತನ ಧೈರ್ಯ ಯಾಕೆ ಕಿತ್ಕೊಂಡ್ರಿ?"

"ಸುಮ್ನಿರಮ್ಮಿ, ಬಾ" ಎಂದ ಲಿಂಗಯ್ಯ. ಅವಳ ಕೈಹಿಡಿದು ಹೊರಟ.

ತಾತನ ಮರ್ಯಾದೆ ಉಳಿಸಿದೆ ಎಂದಷ್ಟೇ ಸೋಮಶೇಖರ್ ತಿಳಿದಿದ್ದ. ಅದಕ್ಕಾಗಿ ಒಬ್ಬ ಹುಡುಗನನ್ನು ಮೆಟ್ಟಿಲ ಮೇಲಿಂದ ಎಳೆದು, ಬಾಯಾರಿ ಬಿದ್ದವನನ್ನಾಗಿ ಮಾಡಿದ್ದು ಆ ಕ್ಷಣದವರೆಗೆ ಅವನಿಗೆ ಕಂಡೇ ಇರಲಿಲ್ಲ.

ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ಶಂಕರ್ ಬೇರೊಬ್ಬರ ಪಕ್ಕ ಕೂತಿದ್ದ. ಕಚೇರಿಯಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಇತ್ತ ಮೊಬೈಲಿಗೆ ಮೆಚ್ಚುಗೆ ಬರುತ್ತಲೇ ಇತ್ತು, ಎಲ್ಲವೂ ಎಂಟನೆಯ ಅಧ್ಯಾಯದ ಬಗ್ಗೆ. ಪ್ರತಿಯೊಂದನ್ನೂ ಓದುವಾಗ ಅವನಿಗೆ ಮೈ ಮೇಲೆ ಹುಳ ಹರಿದಂತಾಗುತ್ತಿತ್ತು. ರೂಪಶ್ರೀಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ. "ಮೊದ್ಲು ಬರ್ದಿದ್ದು ಮೊಬೈಲಲ್ಲಿ ಇನ್ನೂ ಇದೆಯಾ?" ಎಂದಷ್ಟೇ ಕೇಳಿದಳು. ಇತ್ತು.

ಮುಂದಿನ ಭಾನುವಾರ ಅದನ್ನು ಹಾಳೆಯ ಮೇಲೆ ಮುದ್ರಿಸಿಕೊಂಡು ಶಂಕರನ ಮನೆಗೆ ಹೋದ. ಶಂಕರ್ ಬಾಗಿಲು ತೆರೆದು, ಒಳಗೆ ಬಾ ಎನ್ನದೆ, ಬಾಗಿಲನ್ನು ಮುಚ್ಚದೆ ಒಳಗೆ ಹೋದ. ಲಿಂಗಯ್ಯ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದ. ಸೋಮಶೇಖರ್ ಎದುರಿಗೆ ನೆಲದ ಮೇಲೆ ಕೂತ.

"ಅಯ್ಯೋ, ಮೇಲ್ ಕುಂತ್ಕಳಿ ಬುದ್ದಿ."

"ಬುದ್ದಿ ಅನ್ಬೇಡ ತಾತ" ಎಂದಳು ಮಾನಸ, ಅಡುಗೆಮನೆಯ ಬಾಗಿಲಿನಿಂದ.

"ತಪ್ಪು ಮಾಡ್ಬಿಟ್ಟೆ ಲಿಂಗಯ್ಯಣ್ಣ" ಎಂದ ಸೋಮಶೇಖರ್. "ಇದು ಮೊದ್ಲು ಬರ್ದಿದ್ದು. ಓದ್ತೀನಿ. ಸರಿಯಿಲ್ಲ ಅಂದ್ರೆ ಹೇಳಿ."

ಓದಿದ. ಏಟಿನ ಜಾಗ ಬಂದಾಗ ನಿಲ್ಲಿಸಬೇಕೆನಿಸಿತು, ನಿಲ್ಲಿಸಲಿಲ್ಲ.

"ಎದೆ ಸೆಟ್ಸ್ಕಂಡು ಇಳ್ದ ಅಂತ ಬರ್ದಿದ್ದೀರಿ" ಎಂದ ಲಿಂಗಯ್ಯ, ಓದು ಮುಗಿದ ಮೇಲೆ. "ಅಂಗೇನಿಲ್ಲ. ಕಾಲು ಗಡಗಡ ನಡುಗ್ತಿದ್ದೊ. ಒಂದೊಂದ್ ಮೆಟ್ಲಿಗೂ ವಾಪಸ್ ಓಗ್ಬುಡನ ಅನ್ನುಸ್ತಿತ್ತು. ಭಯ ಆಗದೆ ಇರ್ತದಾ? ಅದನ್ನೂ ಬರೀರಿ."

ಮಾನಸಳಿಗೂ ಅದು ಗೊತ್ತಿರಲಿಲ್ಲ. ಅವಳು ಬಂದು ತಾತನ ಪಕ್ಕ ಕೂತಳು. ಸೋಮಶೇಖರ್ ಅಲ್ಲೇ ಆ ಸಾಲು ಹೊಡೆದು ತಿದ್ದಿದ. ಶಂಕರ್ ಒಳಗಿನಿಂದ ಹೊರಗೆ ಬರಲಿಲ್ಲ.

ಸೋಮಶೇಖರ್ ಅಧ್ಯಾಯವನ್ನು ಹೊಸದಾಗಿ ಅಚ್ಚು ಹಾಕಿಸಿ, ಮನೆಯಲ್ಲಿ ಉಳಿದಿದ್ದ ಪ್ರತಿಗಳಲ್ಲಿ ಹಳೆಯ ಹಾಳೆ ಕಿತ್ತು ಹೊಸದನ್ನು ಸೇರಿಸಿದ. ರೂಪಶ್ರೀ ಅಂಟು ಹಚ್ಚಿದಳು. ಮುನ್ನುಡಿಗೆ ಒಂದು ಪುಟ ಸೇರಿತು: ತಾನು ಏನನ್ನು ಬದಲಾಯಿಸಿದ್ದೆ, ಯಾಕೆ ಎಂದು. ಹಂಚಿದ್ದ ಪ್ರತಿಗಳನ್ನು ಬದಲಾಯಿಸಿಕೊಡಲು ಕಟ್ಟು ಹೊತ್ತುಕೊಂಡು ಊರಿಗೆ ಹೋದಾಗ ಚಿಕ್ಕಮಲ್ಲಮ್ಮ ಓದಿ ಪುಸ್ತಕ ಕೆಳಗಿಟ್ಟರು. "ಮಾವನೋರು ಒಡ್ದಿದ್ದು ನಂಗೂ ಗೊತ್ತಿತ್ತು ಕಣಪ್ಪ. ಆ ದಿನ ತನಗೆ ಅನ್ನ ಸೇರ್ಲಿಲ್ಲ ಅಂತ ನಮ್ಮತ್ತೆ ಏಳೋರು. ಆದ್ರೂ ನನ್ನ ಹೆಸ್ರಿನ ಕೆಳ್ಗೆ ಅಚ್ಚಾಕಿಸ್ಬೇಕಿತ್ತಾ?" ಎಂದರು. ದಿಲೀಪ್ ತನ್ನ ಹಳೆಯ ಪ್ರತಿ ಕೊಡಲು ಒಪ್ಪಲಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟುಕೊಂಡು, ಬಂದವರಿಗೆ ಅದೇ ಪುಟ ತೋರಿಸತೊಡಗಿದ.

ಉಡಿಗಾಲದ ಈರಮ್ಮ ಎಂಬ ಟೀಚರು ಒಂದು ಬೆಳಗ್ಗೆ ಫೋನ್ ಮಾಡಿದರು. ಸೋಮಶೇಖರ್ ಆಗ ಬಸ್ಸಿನಲ್ಲಿದ್ದ. ಆ ನೀರು ಕುಡಿಸುವ ದೃಶ್ಯವನ್ನು ಮಕ್ಕಳಿಗೆ ಓದಿ ಹೇಳಿದೆ, ಎಲ್ಲ ಅತ್ತುಬಿಟ್ಟವು ಎಂದರು. ಬಸ್ಸು ತುಂಬಿತ್ತು; ಮೆಲ್ಲಗೆ ಹೇಳಲು ಆಗುವಂತಿರಲಿಲ್ಲ.

"ಮೇಡಂ, ಅದು ಸುಳ್ಳು" ಎಂದ. "ನಮ್ಮ ತಾತ ನೀರು ಕುಡಿಸ್ಲಿಲ್ಲ, ಹೊಡೆದ್ರು. ಆ ಹುಡುಗ ತಾನೇ ಇಳಿದು ಕುಡಿದ. ಸುಳ್ಳು ಬರ್ದಿದ್ದು ನಾನೇ."

ಸುತ್ತಲಿದ್ದವರು ತಿರುಗಿ ನೋಡಿದರು. "ನಮಗೆ ಅದೇ ಇಷ್ಟ ಆಗಿತ್ತು ಸಾರ್" ಎಂದರು ಈರಮ್ಮ, ಬೇಸರದಿಂದ. ಸರಿಯಾದ ಪುಟಗಳನ್ನು ಕಳಿಸುತ್ತೇನೆ ಎಂದು ಅವನು ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು.

ಅವನು ತಲೆ ತಗ್ಗಿಸಿ ಕೂತ. ಎರಡು ಸೀಟು ಮುಂದಿದ್ದ ಶಂಕರ್ ತಿರುಗಿ ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ಕಂಬಿ ಹಿಡಿದು ಪಕ್ಕದಲ್ಲಿ ನಿಂತ.

"ಯಾವ ಸ್ಕೂಲಂತೆ?" ಎಂದ.

"ಉಡಿಗಾಲ. ವಿಳಾಸ ಕೇಳೋಕಾಗ್ಲಿಲ್ಲ."

"ಅಲ್ಲಿ ನಮ್ಮ ಷಡ್ಡಕ ಇದ್ದಾನೆ. ನಾಳೆ ಎರಡು ಪ್ರತಿ ತಗೊಂಡ್ ಬಾ, ಮುಟ್ಟುಸ್ತೀನಿ" ಎಂದ ಶಂಕರ್. ಸೋಮಶೇಖರ್ ಸರಿದು ಜಾಗ ಮಾಡಿಕೊಟ್ಟ. ಶಂಕರ್ ಕೂರಲಿಲ್ಲ. ಗುಂಡ್ಲುಪೇಟೆ ಬರುವವರೆಗೂ ಅಲ್ಲೇ ನಿಂತಿದ್ದ.