ಹುಚ್ಚವ್ವನ ಹೆಸರಿನ ದೇಣಿಗೆ

“ಹೆಬ್ಬಟ್ಟ ಚಾಚ, ಬೋಳಿ. ನಿನ್ನ ಸಲುವಾಗಿ ಲಾರಿ ನಿಂತೈತಿ.”

ಗುಮಾಸ್ತ ವಿಠ್ಠಲ ಶಾಯಿಯ ಡಬ್ಬಿಯನ್ನು ಹುಚ್ಚವ್ವನ ಮೂಗಿನ ತನಕ ತಂದಿದ್ದ. ಗುಂಡವ್ವ ಮತ್ತು ಉಳಿದ ಒಂಬತ್ತು ಹೆಂಗಸರು ಆಗಲೇ ದೇಣಿಗೆಯ ಪಾವತಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಒರೆಸಿ, ಸರಿದು ನಿಂತಿದ್ದರು.

ಮುದ್ದೇಬಿಹಾಳದ ರೇವಣಪ್ಪ ಸಾವಕಾರನ ಎಣ್ಣೆ ಗಿರಣಿಯಲ್ಲಿ ಶೇಂಗಾ ಕೇರುವ ಹೆಂಗಸರಿಗೆ ರೊಕ್ಕದ ಕೂಲಿ ಅರ್ಧವೇ. ಉಳಿದರ್ಧ, ನೆಲಕ್ಕೆ ಉದುರಿದ ಕಾಳು. ಅದನ್ನು ಗುಡಿಸಿ, ಮಣ್ಣು ಹಾರಿಸಿ, ಸುಗ್ಗಿ ಮುಗಿಯುವಾಗ ತಲಾ ಒಂದು ಚೀಲ ಒಯ್ಯುವುದು ಅವರ ಅತ್ತೆಯರ ಕಾಲದಿಂದ ನಡೆದುಬಂದದ್ದು. ಆ ಚೀಲ ಮಾರಿದರೆ ಹುಚ್ಚವ್ವನ ಮನೆಯಲ್ಲಿ ಮಳೆಗಾಲದ ತನಕ ರೊಟ್ಟಿ.

ಎಪ್ಪತ್ತೆಂಟರ ಚುನಾವಣೆ ಬಂದಿತ್ತು. ಸಾವಕಾರನಿಗೆ ಇನ್ನೊಂದು ಗಿರಣಿಯ ಪರವಾನಗಿ ಬೇಕಿತ್ತು. ಪಕ್ಷಕ್ಕೆ ದೇಣಿಗೆ ಬೇಕಿತ್ತು. ಕಂಪನಿಗಳು ಪಕ್ಷಕ್ಕೆ ಕೊಡುವಂತಿಲ್ಲ ಎಂಬ ಕಾನೂನಿತ್ತು. ಅದಕ್ಕೇ ಗಿರಣಿಯ ನಲವತ್ತು ಚೀಲ ಶೇಂಗಾ ಈ ಹನ್ನೊಂದು ಹೆಂಗಸರ ಹೆಸರಿನಲ್ಲಿ, ‘ಸ್ವಸಂತೋಷದಿಂದ’, ಲಾರಿ ಏರಿತ್ತು. ಅದರ ಹಿಂದೆ ಅವರ ಉದುರುಗಾಳಿನ ಚೀಲಗಳೂ ಏರುತ್ತಿದ್ದವು.

ಅವು ಯಾಕೆಂದು ಹುಚ್ಚವ್ವ ಕೇಳಿದ್ದಳು. ನಾಳೆ ಯಾರಾದರೂ ಆಣೆ ಮಾಡಿಸಿ ಕೇಳಿದರೆ ನಿಮ್ಮ ಬಾಯಲ್ಲಿ ಸುಳ್ಳು ಬರಬಾರದಲ್ಲ ಎಂದು ವಿಠ್ಠಲ ತಿಳಿಸಿ ಹೇಳಿದ್ದ.

ಪಕ್ಷದ ಪುಢಾರಿ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಹುಚ್ಚವ್ವ ವಿಠ್ಠಲನನ್ನು ದಾಟಿ ಅವನ ಮುಂದೆ ಹೋಗಿ ನಿಂತಳು.

“ಸಾವಕಾರ್ರಿಗೆ ಪರವಾನಗಿ ಕೊಡಸ್ತೀರಂತ. ಪಾವತಿ ನನ್ನ ಹೆಸರಿಲೆ ಐತಿ. ನನಗೇನ ಕೊಡಸ್ತೀರ್ರಿ?”

ಪುಢಾರಿ ನಕ್ಕ. ಬಾಯಿ ಚುರುಕಿದೆ, ಮಹಿಳಾ ಘಟಕಕ್ಕೆ ಸೇರಿಸೋಣ ಎಂದ. ಪಕ್ಕದಲ್ಲಿ ಕೂತಿದ್ದ ಸಾವಕಾರ ನಗಲಿಲ್ಲ, ವಿಠ್ಠಲನ ಕಡೆ ತಿರುಗಿದ.

“ಗಂಡನ್ನ ತಿಂದಾಕಿ, ಈಗ ಗಿರಣಿ ತಿನ್ನಾಕ ಬಂದಾಳ. ನಾಳಿಂದ ಈಕಿನ್ನ ಒಳಗ ಬಿಡಬ್ಯಾಡ.”

ವಿಠ್ಠಲ ಅವಳ ಮುಂಗೈ ತಿರುವಿ, ತಾನೇ ಹೆಬ್ಬೆಟ್ಟು ಒತ್ತಿಸಿಕೊಂಡ. ಹುಚ್ಚವ್ವ ಕೈ ಬಿಡಿಸಿಕೊಂಡಳು. ಲಾರಿಯ ಹತ್ತಿರ ಹೋದಳು. ಅಲ್ಲಿ ನೆಲದ ಮೇಲೆ ಉಳಿದಿದ್ದುದು ಅವಳದೊಂದೇ ಚೀಲ. ಅದರ ಮೇಲೆ ಕೂತಳು.

ಹಮಾಲ ಚಂದಪ್ಪ ಕೊಕ್ಕೆ ಹಿಡಿದು ಬಂದ. ಏಳವ್ವ, ನಿನ್ನ ಜೊತೆಗೆ ನನ್ನ ಹೊಟ್ಟೆಯ ಮೇಲೂ ಹೊಡೆಯಬೇಡ ಎಂದು ಮೆಲ್ಲಗೆ ಬೇಡಿಕೊಂಡ.

“ಈ ಚೀಲ ಹುಚ್ಚವ್ವಂದು ಅಂತ ಅವರ ಬರದಾರ, ಯಪ್ಪಾ. ಚೀಲ ಎತ್ತತೀ ಅಂದ್ರ ನನ್ನೂ ಎತ್ತು.”

ಹಮಾಲರು ಸಾವಕಾರನ ಮುಖ ನೋಡಿದರು.

“ನನ್ನ ಮಾರಿ ಏನ ನೋಡತೀರಿ? ಎತ್ರಲೇ ಮತ್ತ,” ಎಂದ ಅವನು.

ನಾಲ್ವರು ಚೀಲದ ಸಮೇತ ಅವಳನ್ನು ಎತ್ತಿದರು. ಅವರ ಕೈಯಲ್ಲಿ ಹುಚ್ಚವ್ವ ಮಿಸುಕಲಿಲ್ಲ. ಲಾರಿಯ ಹಿಂದಿನ ಹಲಗೆ ಹಾಕಿದ ಸಪ್ಪಳವಾಯಿತು. ಗುಂಡವ್ವ ಒಂದು ಹೆಜ್ಜೆ ಮುಂದೆ ಬಂದಳು. ವಿಠ್ಠಲ ಕಣ್ಣೆತ್ತಿ ನೋಡಿದ, ಅವಳು ಅಲ್ಲೇ ನಿಂತಳು.

ಬಾವುಟ ಕಟ್ಟಿದ ಲಾರಿ ಬಸವನಬಾಗೇವಾಡಿಯ ದಾರಿ ಹಿಡಿಯಿತು. ರಸ್ತೆಯ ಬದಿಯ ಜನ ಅವಳನ್ನು ಪಕ್ಷದವಳೆಂದು ತಿಳಿದು ಜಯಕಾರ ಹಾಕಿದರು. ಅವಳು ಎರಡೂ ಕೈಯಿಂದ ಚೀಲದ ಬಾಯಿ ಬಿಗಿಹಿಡಿದು ಕೂತೇ ಇದ್ದಳು.