ಅಕ್ಕ ಬೇಡ, ಧ್ವನಿ ಸಾಕು

ಫ್ಯಾನ್ ಹಾಕುವಂತಿರಲಿಲ್ಲ. ಅದರ ಸದ್ದು ರೆಕಾರ್ಡಿಂಗಿನಲ್ಲಿ ಸೇರಿಕೊಳ್ಳುತ್ತದೆ ಎಂದು ಶಾಲೆಯ ಮ್ಯಾನೇಜರ್ ಮೊದಲ ದಿನವೇ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದ. ಮಕ್ಕಳು ಕುಣಿದು ಹರಿದ ಹಳೇ ಹಾಸುಗಳನ್ನು ಕಿಟಕಿಗೆ ಒರಗಿಸಿ ಗಾಳಿ, ಬೆಳಕು ಎರಡನ್ನೂ ಮುಚ್ಚಿದ್ದರು. ಚೆಂಡು, ಹಗ್ಗ, ಮುರಿದ ಬೆಂಚು ತುಂಬಿದ ಆ ಉಗ್ರಾಣದ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅವಳು, ಅವಳ ಮುಂದೆ ಮೈಕು. ಶಾಲೆ ಬಿಟ್ಟ ಮೇಲೆ ದಿನವೂ ಅಲ್ಲಿ ಕೂತು ತನ್ನ ಭಾಷೆಯನ್ನೆಲ್ಲ ಆ ಮೈಕಿಗೆ ಸುರಿಯಬೇಕು. ಬೆವರು ಬೆನ್ನಿನಿಂದ ಸೊಂಟಕ್ಕೆ ಇಳಿಯುತ್ತಿತ್ತು. ಗಂಟಲ ಪಸೆ ಆರಿ ಕೆಮ್ಮು ಬಂದರೆ ಪಾಠ ಮತ್ತೆ ಮೊದಲಿಂದ.

"ಒಂದು ಗುಟುಕು ನೀರು ಕುಡೀಲಾ ಸಾರ್?"

"ಪಾಠ ಮುಗಿಸಿ ಕುಡೀರಿ. ಬಾಟ್ಲಿ ಮುಚ್ಚಳದ ಸದ್ದೂ ಹಿಡಿಯುತ್ತೆ ಇದು."

ಮಕ್ಕಳು ಅವಳನ್ನು ಭಾಷೆ ಅಕ್ಕ ಎಂದು ಕರೆಯುತ್ತಿದ್ದವು. ಗಂಡ, ಅತ್ತೆ, ತಂಗಿಯ ಜೊತೆ ಗಡಿ ದಾಟಿ ಬಂದವಳು. ಅಲ್ಲಿ ಟೀಚರು, ಇಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. "ನಿನ್ನ ಓದನ್ನ ಉಪ್ಪು ಹಾಕ್ಕೊಂಡು ನೆಕ್ಕು" ಎಂದು ಅತ್ತೆ ಅಣಕಿಸುತ್ತಿದ್ದಳು. ಹೀಗಿರುವಾಗ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಏಷ್ಯಾದ ಭಾಷೆಗಳನ್ನು ಶಾಲೆಯಲ್ಲಿ ಕಲಿಸಬೇಕು, ನೆರೆಯವರ ಬದುಕನ್ನು ಮಕ್ಕಳು ಅರಿಯಬೇಕು ಎಂದು ಆದೇಶ ಬಂತು. ಕಲಿಸಲು ಜನ ಬೇಕಲ್ಲ? ಹುಡುಕಿಕೊಂಡು ಕಾರ್ಖಾನೆಯ ಗೇಟಿಗೇ ಬಂದರು. ಅವಳಿಗೆ ಈ ಶಾಲೆ, ಅವಳ ತಂಗಿಗೆ ಊರಾಚೆಯ ಇನ್ನೊಂದು ಶಾಲೆ. ಇಬ್ಬರದೂ ತಾತ್ಕಾಲಿಕ ಕೆಲಸ.

ಅವಳು ಪಾಠ ಮಾಡುವ ರೀತಿಯೇ ಬೇರೆ. ಪ್ರಶ್ನೆ ಕೇಳಿ ಸುಮ್ಮನಾಗಿಬಿಡುವಳು. ಮಗು ಉತ್ತರ ಹೇಳುವವರೆಗೆ ತುಟಿ ಎರಡು ಮಾಡುತ್ತಿರಲಿಲ್ಲ. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, "ಅಕ್ಕ, ನೀವೆಲ್ಲ ನಮ್ಮ ಕೆಲಸ ಕಿತ್ಕೊಳ್ಳೋಕೆ ಬಂದೋರು ಅಂತ ನಮ್ಮಪ್ಪ ಹೇಳ್ತಾರೆ" ಎಂದ.

"ಹಾಗಾ? ಸರಿ, ನಮ್ಮ ಭಾಷೇಲೇ ನನ್ನ ಕೇಳು, ‘ನೀವ್ಯಾಕೆ ಬಂದ್ರಿ?’ ಅಂತ. ಕೇಳಿ ಬಾಯಿ ಮುಚ್ಕೊಂಡು ಕೂತ್ಕೊ. ನಾನು ಹೇಳೋದು ಮುಗಿಯೋ ತನಕ ಏಳಬೇಡ."

ಹುಡುಗ ಕೇಳಿದ. ಅವಳು ಹೇಳಿದಳು. ಮರುದಿನ ಆ ಹುಡುಗನ ಅಪ್ಪ ಗೇಟಿನ ಹತ್ತಿರ ಅವಳನ್ನು ಕಂಡು ತಲೆ ಕೆರೆದುಕೊಳ್ಳುತ್ತ, "ಚೆನ್ನಾಗಿದೀರಾ?" ಎಂದು ಅವಳ ಭಾಷೆಯಲ್ಲೇ ಕೇಳಿದ. ಹುಡುಗ ಮನೆಯಲ್ಲಿ ಕಲಿಸಿದ್ದ. ಆ ದಿನ ಅವಳು ಮನೆಗೆ ನಡೆದು ಹೋಗಲಿಲ್ಲ, ತೇಲಿಕೊಂಡು ಹೋದಳು.

ರೆಕಾರ್ಡಿಂಗಿನ ಮಾತು ತೆಗೆದಾಗ ಮ್ಯಾನೇಜರ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ್ದ. "ಇದು ಗೈರುಹಾಜರಾಗೋ ಮಕ್ಕಳಿಗೆ ಅಷ್ಟೇ. ಮುಗೀಲಿ, ನಿಮ್ಮ ಕೆಲಸ ಕಾಯಂ ಮಾಡೋ ಬಗ್ಗೆ ಮೇಲಿನೋರ ಹತ್ರ ಮಾತಾಡೋಣ."

ಗೋದಾಮಿನಲ್ಲಿ ಮೂಟೆ ಹೊತ್ತು ಬೆನ್ನು ಮುರಿದುಕೊಂಡ ಗಂಡ ಗೋಡೆ ಕಡೆ ತಿರುಗಿ ಮಲಗಿದ್ದವನು, ಈ ಸುದ್ದಿಗೆ ಇತ್ತ ತಿರುಗಿದ. ಅತ್ತೆ ಮಾತ್ರ ನಂಬಲಿಲ್ಲ.

"ಮಾಡ್ತೀನಿ ಅಂದ್ನೋ, ಮಾತಾಡೋಣ ಅಂದ್ನೋ?"

"ಮಾತಾಡೋಣ ಅಂದ್ರು ಅತ್ತೆ."

"ಮೂಗಿಗೆ ತುಪ್ಪ ಸವರಿದಾನೆ ಕಣೇ. ವಾಸನೆ ಬರುತ್ತೆ, ನಾಲಿಗೆಗೆ ಎಟುಕಲ್ಲ."

ತಂಗಿಯಂತೂ ಫೋನಿನಲ್ಲಿ ಕುಣಿದಾಡಿದಳು. "ನಿಂದು ಕಾಯಂ ಆಗ್ಲಿ ಅಕ್ಕ, ಅದನ್ನೇ ತೋರಿಸಿ ನಾನೂ ಇಲ್ಲಿ ಕೇಳ್ತೀನಿ."

ಇಡೀ ವರ್ಷದ ಪಾಠ ಮೈಕಿನೊಳಗೆ ಹೋಯಿತು. ರಜೆ ಬಂತು, ಹೋಯಿತು. ಶಾಲೆ ತೆರೆದ ದಿನ ಅವಳು ತರಗತಿಗೆ ಬಂದರೆ ಅವಳು ನಿಲ್ಲುವ ಜಾಗದಲ್ಲಿ ಒಂದು ದೊಡ್ಡ ಪರದೆ. ಅದರ ಕೆಳಗೆ ಸ್ಪೀಕರು. ಅವಳು ನೇರ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನಡೆದಳು. ಮ್ಯಾನೇಜರ್ ಅಲ್ಲೇ ಇದ್ದ.

"ಗೈರುಹಾಜರಾಗೋ ಮಕ್ಕಳಿಗೆ ಅಂದಿದ್ರಲ್ಲ ಸಾರ್?"

"ಹೌದು. ಈಗ ಹಾಜರಿರೋರಿಗೂ."

"ಮತ್ತೆ ನಾನು?"

"ನಿಮ್ಮ ಧ್ವನಿ ಇದೆಯಲ್ಲಮ್ಮ, ಸಾಕು. ಮಿಷನ್ನಿಗೆ ನೆಗಡಿ ಬರಲ್ಲ, ರಜಾ ಬೇಡ."

ಮುಖ್ಯೋಪಾಧ್ಯಾಯಿನಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಕನ್ನಡಕ ತೆಗೆದು ಒರೆಸುತ್ತ, "ನನ್ನ ಕೈಲೇನೂ ಇಲ್ಲ. ಆಯಾ ಕೆಲಸ ಒಂದು ಖಾಲಿ ಇದೆ, ಬೇಕಾದ್ರೆ ನಾಳೆಯಿಂದ್ಲೇ ಬನ್ನಿ" ಎಂದಳು. ಹೊಳೆ ದಾಟಿದ ಮೇಲೆ ಅಂಬಿಗನಿಗೂ ಒಂದು ಪೊರಕೆ ಕೊಡುವಷ್ಟು ದೊಡ್ಡ ಮನಸ್ಸು!

ಕಾರ್ಖಾನೆಯಲ್ಲಿ ಅವಳ ಜಾಗಕ್ಕೆ ಆಗಲೇ ಬೇರೊಬ್ಬಳು ಬಂದಿದ್ದಳು. ಗಂಡ ಮತ್ತೆ ಗೋಡೆ ಕಡೆ ತಿರುಗಿದ. ಮನೆ ಮಾಲೀಕರು ಬಾಡಿಗೆಗಾಗಿ ಮುಖ ನೋಡುತ್ತಿದ್ದರು. ಅವಳು ಪೊರಕೆ ಹಿಡಿದಳು. ಮರುದಿನದಿಂದ ಮ್ಯಾನೇಜರನ ಬಾಯಲ್ಲಿ "ನೀವು" ಹೋಗಿ "ನೀನು" ಬಂತು.

ಕಾರಿಡಾರು ಒರೆಸುವಾಗ ಒಳಗಿನಿಂದ ತನ್ನದೇ ಧ್ವನಿ ಕೇಳುತ್ತಿತ್ತು. ಮೊದಮೊದಲು ಕೈ ನಿಂತುಹೋಗುತ್ತಿತ್ತು. ಆಮೇಲೆ ಅವಳಿಗೆ ಒಂದು ವಿಷಯ ಗೊತ್ತಾಯಿತು. ಅವಳು ಬೇಕೆಂದೇ ಪ್ರತಿ ಪ್ರಶ್ನೆಯಾದ ಮೇಲೆ ಬಿಟ್ಟಿದ್ದ ಮೌನವನ್ನೆಲ್ಲ ಕತ್ತರಿಸಿ ಹಾಕಿದ್ದರು. ಪ್ರಶ್ನೆ ಮುಗಿಯುವುದೇ ತಡ, "ಭೇಷ್ ಮಗಾ", ಮತ್ತೆ ಪ್ರಶ್ನೆ. ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಪಾಠ ಎಲ್ಲೋ ಹೋಗಿರುತ್ತಿತ್ತು.

ತಡೆಯಲಾರದೆ ಒಂದು ದಿನ ಹೇಳಿದಳು. "ಮೇಡಂ, ಪ್ರಶ್ನೆ ಆದ್ಮೇಲೆ ನಾನು ಬಿಟ್ಟಿದ್ದ ಜಾಗ ಎಲ್ಲ ತೆಗೆದುಬಿಟ್ಟಿದಾರೆ."

"ಅದು ಖಾಲಿ ಇತ್ತಂತೆ. ಖಾಲಿ ಯಾಕೆ ಇಟ್ಕೋಬೇಕು?"

"ಅಲ್ಲಿ ಮಕ್ಕಳಿದ್ರು ಮೇಡಂ."

ಮೇಡಂ ಕನ್ನಡಕವನ್ನು ಮತ್ತೆ ಒರೆಸಿದಳು.

ಕೆಲವು ವಾರಗಳಾದ ಮೇಲೆ ಮೇಲಧಿಕಾರಿಗಳು ತರಗತಿ ನೋಡಲು ಬಂದರು. ಗೋಡೆಗೆ ಬಣ್ಣದ ಕಾಗದದಲ್ಲಿ "ನೆರೆಯವರನ್ನು ಅರಿಯೋಣ" ಎಂದು ಅಂಟಿಸಿದ್ದರು. ಅಂಟಿಸಿದವಳು ಅವಳೇ. ನೀರಿನ ಟ್ರೇ ಹಿಡಿದು ಬಾಗಿಲ ಬಳಿ ನಿಲ್ಲಲು ಹೇಳಿದ್ದರು, ನಿಂತಿದ್ದಳು. ಮ್ಯಾನೇಜರ್ ಗುಂಡಿ ಒತ್ತಿದ.

"ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ?" ಎಂದು ಅವಳ ಭಾಷೆಯಲ್ಲಿ ಅವಳ ಧ್ವನಿ ಕೇಳಿತು. ಮೊದಲ ಬೆಂಚಿನ ಹುಡುಗಿ ಎದ್ದಳು. ಮಾತು ತಡವರಿಸುವ ಮಗು. "ನ... ನಮ್ಮ..." ಎನ್ನುವಷ್ಟರಲ್ಲಿ "ಭೇಷ್ ಮಗಾ!" ಎಂದಿತು ಸ್ಪೀಕರು. ಅಧಿಕಾರಿ ತಲೆದೂಗಿದ. ಹುಡುಗಿಯ ಕಣ್ಣು ತುಂಬಿತು.

ಅವಳು ಟ್ರೇಯನ್ನು ಮೇಜಿನ ಮೇಲೆ ಇಟ್ಟಳು. ಮುಂದೆ ಬಂದು ಪರದೆಯ ವೈರು ಕಿತ್ತಳು. ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತು ಅದೇ ಪ್ರಶ್ನೆ ಕೇಳಿದಳು. ಕೇಳಿ ಸುಮ್ಮನಾದಳು. ಮ್ಯಾನೇಜರ್ ಕಣ್ಣು ಕೆಂಪಗೆ ಮಾಡಿದ. ಅವಳು ಕಾದಳು.

"ಅಜ್ಜಿ," ಎಂದಿತು ಮಗು ಅವಳ ಭಾಷೆಯಲ್ಲಿ. "ಅಮ್ಮ. ನಾನು." ಮತ್ತೆ ತಡೆದು, "ಅಪ್ಪ ಇಲ್ಲ."

"ಭೇಷ್ ಮಗಾ" ಎಂದಳು. ಹಿಂದಿನ ಬೆಂಚುಗಳಿಂದ "ಭಾಷೆ ಅಕ್ಕ! ಅಕ್ಕ, ನನ್ನ ಕೇಳಿ! ನನ್ನ ಕೇಳಿ!" ಎಂದು ಮಕ್ಕಳೆಲ್ಲ ಎದ್ದು ನಿಂತರು.

ಅಧಿಕಾರಿ ಚಪ್ಪಾಳೆ ತಟ್ಟಿದ. "ಅಬ್ಬಬ್ಬಾ! ನೋಡಿ ಮೇಡಂ, ಕಸ ಗುಡಿಸೋ ಆಯಾ ಕೂಡ ಕಲ್ತುಬಿಟ್ಟಿದಾಳೆ. ಮಿಷನ್ ಅಂದ್ರೆ ಇದು!"

"ಅದು ನನ್ನ ಧ್ವನಿ ಸಾರ್."

"ಹೌದಮ್ಮ ಹೌದು, ಥೇಟ್ ಅದೇ ಥರ ಹೇಳ್ತೀಯ!" ಎಂದು ನಕ್ಕ. ಜೊತೆಯವರೂ ನಕ್ಕರು. ಅವಳು ಮುಖ್ಯೋಪಾಧ್ಯಾಯಿನಿಯ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಮೇಡಂ ನೆಲ ನೋಡುತ್ತಿದ್ದಳು.

"ಮುಂದಿನ ತಿಂಗಳಿಂದ ಎಲ್ಲ ಶಾಲೆಗಳಿಗೂ ಇದೇ ಮಿಷನ್ನು" ಎಂದ ಅಧಿಕಾರಿ. "ಈ ತಾತ್ಕಾಲಿಕದವರ ರಗಳೆಯೇ ಬೇಡ."

ಎಲ್ಲ ಶಾಲೆ ಎಂದರೆ ತಂಗಿಯ ಶಾಲೆಯೂ. ಅಕ್ಕನ ಧ್ವನಿಯೇ ಹೋಗಿ ತಂಗಿಯ ತುತ್ತು ಕಸಿಯುವುದು. ಆ ಸ್ಟೂಲಿನ ಮೇಲೆ ಬೆವರು ಸುರಿಸಿ ತನ್ನ ಕಾಲಿನ ಮೇಲಷ್ಟೇ ಅಲ್ಲ, ಒಡಹುಟ್ಟಿದವಳ ಕಾಲಿನ ಮೇಲೂ ಕಲ್ಲು ಎತ್ತಿಹಾಕಿದ್ದಳು.

"ಇನ್ನೊಂದ್ಸಲ ಹೇಳಮ್ಮ, ವಿಡಿಯೋ ಮಾಡ್ಕೊಳ್ತಾರೆ" ಎಂದ ಅಧಿಕಾರಿ.

ಅವಳು ಬಾಯಿ ಬಿಗಿದುಕೊಂಡಳು.

"ಹೇಳೇ!" ಎಂದು ಮ್ಯಾನೇಜರ್ ಗದರಿದ. ಅವಳು ಮಿಸುಕಲಿಲ್ಲ. ಇನ್ನು ಒಂದೇ ಒಂದು ಮಾತು ಇವರಿಗೆ ಕೊಡುವುದಿಲ್ಲ ಎಂದು ಹಲ್ಲು ಕಚ್ಚಿದಳು.

"ಪರವಾಗಿಲ್ಲ ಸಾರ್, ನಿಂತಿದ್ರೆ ಸಾಕು" ಎಂದು ಮ್ಯಾನೇಜರ್ ವೈರು ಸಿಕ್ಕಿಸಿ ಗುಂಡಿ ಒತ್ತಿದ. ಫೋನುಗಳು ಅವಳ ಕಡೆ ಎದ್ದವು. ಬಾಯಿ ಮುಚ್ಚಿ ನಿಂತಿದ್ದ ಅವಳ ಪಕ್ಕದಲ್ಲೇ ಅವಳ ಧ್ವನಿ ಜೋರಾಗಿ, ನಗುನಗುತ್ತ ಪ್ರಶ್ನೆ ಕೇಳಿತು. "ಭೇಷ್ ಮಗಾ, ಭೇಷ್" ಎಂದಿತು. ಮಕ್ಕಳು ಇನ್ನೂ ಉತ್ತರ ಹೇಳಿರಲಿಲ್ಲ.