ಹದಿನಾಲ್ಕು ಗೇಣಿನ ಮೂಲೆ

ಒಂದನೇ ತರಗತಿಗೆ ಪಾಠ ಮಾಡುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ. ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ. ಬೇಸರದಿಂದ ಹೇಳುತ್ತಿಲ್ಲ. ಸುಮ್ಮನೆ ಕೂರುವ ಕಪ್ಪೆಗಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

ನಮ್ಮ ಕೋಣೆಯ ಹಿಂಭಾಗದಲ್ಲಿ, ಕಿಟಕಿಗೂ ಬೀರುವಿಗೂ ನಡುವೆ ಒಂದು ಮೂಲೆಯಿದೆ. ಬೆಳಗಿನ ಬಿಸಿಲು ನೇರವಾಗಿ ಅಲ್ಲಿಗೇ ಬೀಳುತ್ತದೆ. ಅಲ್ಲಿ ಒಡೆದ ಭೂಗೋಳ, ಸುತ್ತಿಟ್ಟ ಹಳೆಯ ನಕ್ಷೆಗಳು, ವಾರಸುದಾರರಿಲ್ಲದ ಒಂದು ಒಂಟಿ ಚಪ್ಪಲಿ ಬಿದ್ದಿದ್ದವು. ಆ ಜಾಗವನ್ನು ಓದುವ ಮೂಲೆ ಮಾಡಿಕೊಡಿ ಎಂದು ನಾನು ವರ್ಷಗಟ್ಟಲೆ ಕೇಳಿದ್ದೆ. ಮಕ್ಕಳೆಲ್ಲ ದೊಡ್ಡ ಮೇಡಂ ಎಂದು ಕರೆಯುವ ನಮ್ಮ ಮುಖ್ಯೋಪಾಧ್ಯಾಯಿನಿ ಪ್ರತಿ ಸಲವೂ "ನೋಡೋಣ" ಎನ್ನುತ್ತಿದ್ದರು. ಅವರ "ನೋಡೋಣ" ಎಂದರೆ ನೋಡುವುದಿಲ್ಲ ಎಂದು ಶಾಲೆಯ ಗೋಡೆಗಳಿಗೂ ಗೊತ್ತು.

ಆ ಸೋಮವಾರ ಬೆಳಿಗ್ಗೆ, ಹಾಜರಿ ಮುಗಿದು, ಇವತ್ತು ಮೋಡವೋ ಬಿಸಿಲೋ ಎಂಬ ಚಿತ್ರವನ್ನು ಗೋಡೆಗೆ ಅಂಟಿಸುವ ಗಲಾಟೆ ನಡೆದಿದ್ದಾಗ ಅವರು ಬಾಗಿಲಲ್ಲಿ ನಿಂತರು.

"ಮೇಲಿನ ಮಹಡಿಯ ಮುರಿದ ಬೆಂಚುಗಳಿಗೆ ಜಾಗ ಇಲ್ಲ. ಶುಕ್ರವಾರ ಆಳುಗಳು ಬರ್ತಾರೆ. ಈ ಮೂಲೆ ಖಾಲಿ ಮಾಡಿಸಿಡಿ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಖಾಲಿ ಮಾಡ್ತೀನಿ. ಆದರೆ ಬೆಂಚಿಗಲ್ಲ, ಮಕ್ಕಳಿಗೆ," ಎಂದೆ.

"ನಿಮಗೆ ಬೆರಳು ಕೊಟ್ಟರೆ ಹಸ್ತಾನೇ ನುಂಗ್ತೀರಲ್ಲಮ್ಮ. ಆ ನೆಲ ನೋಡಿದ್ದೀರಾ? ಸಿಮೆಂಟೆಲ್ಲ ಕಿತ್ತು ಬಂದಿದೆ. ಅದರ ಮೇಲೆ ಯಾರು ಕೂರ್ತಾರೆ? ನನ್ನ ಮೊಣಕಾಲಂತೂ ಒಪ್ಪಲ್ಲ." ಸ್ವಲ್ಪ ಹೊತ್ತು ನನ್ನನ್ನೂ ಮಕ್ಕಳನ್ನೂ ನೋಡಿ, "ಶುಕ್ರವಾರ ಬೆಳಿಗ್ಗೆ ಬರ್ತೀನಿ. ಮಕ್ಕಳು ಕೂತು ಓದೋ ಹಾಗಿದ್ದರೆ ಮೂಲೆ ನಿಮ್ಮದು. ಇಲ್ಲದಿದ್ದರೆ ಬೆಂಚಿನದು," ಎಂದು ಹೊರಟುಹೋದರು.

ಮಕ್ಕಳು ನನ್ನ ಮುಖ ನೋಡಿದರು. ನಾನು ಸೆರಗು ಸಿಕ್ಕಿಸಿಕೊಂಡು ಪೊರಕೆ ಕೈಗೆತ್ತಿಕೊಂಡೆ.

ಆ ವಾರದ ಅಕ್ಷರ 'ಗ', ಲೆಕ್ಕದಲ್ಲಿ ಅಳತೆ. ಈ ಪಾಠಕ್ಕೆ ನನ್ನದೇ ಒಂದು ಕ್ರಮವಿದೆ. ಸೋಮವಾರ ಗೇಣಿನಿಂದ ಅಳೆಯುತ್ತೇವೆ, ಮಂಗಳವಾರ ಹೆಜ್ಜೆಯಿಂದ, ಬುಧವಾರ ದಾರದಿಂದ. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬಂದು ಕೋಣೆಯೆಲ್ಲ ಜಗಳವಾದ ಮೇಲೆ, ಗುರುವಾರ, ಯಾಕೆ ಹೀಗಾಯಿತು ಎಂದು ಕೇಳುತ್ತೇನೆ. ಅಳತೆಯ ಟೇಪು ಹೊರಬರುವುದು ಶುಕ್ರವಾರವೇ. ಅಲ್ಲಿಯವರೆಗೆ ಟೇಪನ್ನೂ ಸ್ಕೇಲನ್ನೂ ಯಾರೂ ಮುಟ್ಟುವಂತಿಲ್ಲ. ಇದು ತರಗತಿಯ ಕಾನೂನು.

ಮೂಲೆ ಗುಡಿಸಿ ಮುಗಿಸಿದ ಮೇಲೆ ಅದನ್ನೇ ಅಳೆಯಲು ಹೇಳಿದೆ. ಮೊದಲು ಮೊಣಕಾಲೂರಿದವಳು ಕಡ್ಡಿ. ಹೆಸರು ಬೇರೆ ಇದೆ, ಆದರೆ ಕಡ್ಡಿಯಂತೆ ಸಣ್ಣಗಿರುವುದರಿಂದಲೂ, ಮಾತೆಲ್ಲ ಕಡ್ಡಿ ಮುರಿದಂತೆ ಇರುವುದರಿಂದಲೂ ಎಲ್ಲರಿಗೂ ಅವಳು ಕಡ್ಡಿಯೇ. ಹೆಬ್ಬೆರಳಿನಿಂದ ಕಿರುಬೆರಳಿಗೆ ಕೈ ಹರವಿಕೊಂಡು, ನಾಲಿಗೆಯನ್ನು ತುಟಿಯ ಮೂಲೆಗೆ ಕಚ್ಚಿಕೊಂಡು, ಕಂಬಳಿಹುಳದ ಹಾಗೆ ಗೋಡೆಗುಂಟ ಸಾಗಿದಳು.

"ಉದ್ದ ಹದಿನಾಲ್ಕು ಗೇಣು. ಅಗಲ ಹತ್ತು."

ಹಲಗೆಯ ಮೇಲೆ ಬರೆದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದವರ ಲೆಕ್ಕ, ಉಳಿದವರ ಜಗಳ ನಾಳೆಗೆ ಹೋಯಿತು.

"ಟೀಚರ್, ನೆಲಕ್ಕೆ ಹಾಸು ನಮ್ಮಪ್ಪ ಹೊಲಿದು ಕೊಡ್ತಾರೆ," ಎಂದಳು ಕಡ್ಡಿ. ಅವಳ ಅಪ್ಪ ದರ್ಜಿ. ಬೀದಿಯ ತಿರುವಿನಲ್ಲಿ ಅವರ ಅಂಗಡಿ, ಕತ್ತರಿಸಿ ಉಳಿದ ತುಂಡುಬಟ್ಟೆಗಳ ಮೂಟೆ ಅಲ್ಲಿ ಯಾವಾಗಲೂ ಸೂರಿನವರೆಗೆ ಇರುತ್ತದೆ.

"ಕೇಳು ಪುಟ್ಟಿ. ಅಳತೆ ನಾನು ನಾಳೆ ಟೇಪಿನಲ್ಲಿ ತೆಗೆದು ಕಳಿಸ್ತೀನಿ."

ಅವಳು ನನ್ನನ್ನು ನೋಡಿದ ರೀತಿಗೆ ನಾನೇ ಕಳ್ಳಿಯಾದೆ. "ಟೇಪು ಮುಟ್ಟಬಾರದು ಅಂತ ನೀವೇ ಹೇಳಿದ್ರಿ. ಅಳತೆ ಆಗಿದೆಯಲ್ಲ?" ಎಂದವಳು ಚೀಲ ಹೆಗಲಿಗೇರಿಸಿಕೊಂಡು ನಡೆದೇಬಿಟ್ಟಳು.

ಆ ಸಂಜೆ ಅಂಗಡಿಯಲ್ಲಿ ನಡೆದದ್ದು ಆಮೇಲೆ ಅವಳ ಅಪ್ಪನೇ ಹೇಳಿದ್ದು. ಮಗಳು ಹದಿನಾಲ್ಕು, ಹತ್ತು ಎಂದು ಹೇಳಿದಾಗ ಅವರ ಕೈ ಅಭ್ಯಾಸಬಲದಿಂದ ಕೊರಳಿನ ಟೇಪಿಗೆ ಹೋಯಿತಂತೆ. ಮಗಳು ಆ ಕೈಯನ್ನು ಹಿಡಿದುಕೊಂಡಳು. "ಈ ವಾರ ಟೇಪು ಮುಟ್ಟಂಗಿಲ್ಲ ಅಪ್ಪ. ಕೈಯಲ್ಲೇ ಅಳೀಬೇಕು. ಟೀಚರ್ ಹೇಳಿದ್ದಾರೆ." ಟೀಚರ್ ಮಾತನ್ನು ಮೀರಬಾರದೆಂದು ಮನೆಯಲ್ಲಿ ದಿನಾ ಹೇಳುತ್ತಿದ್ದವರು ಅವರೇ. ಈಗ ತಾವೇ ಮೀರುವುದು ಹೇಗೆ? ಟೇಪನ್ನು ಕೊರಳಿನಿಂದ ತೆಗೆದು ಮೊಳೆಗೆ ನೇತುಹಾಕಿ, ಮೇಜಿನ ಮೇಲೆ ಬಟ್ಟೆ ಹರಡಿ, ಗೇಣು ಹಾಕಿದರು. ತಮ್ಮ ಗೇಣು.

ಬುಧವಾರ ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಸುರುಳಿಯ ಎರಡು ತುದಿ ಹೊತ್ತು ಬಂದರು. ಅಷ್ಟು ಚೆಂದದ ಹಾಸನ್ನು ನಾನು ಕಂಡಿರಲಿಲ್ಲ. ಅಂಗಿಯ ನೀಲಿ, ಪರದೆಯ ಹಳದಿ, ಕೋಟಿನ ಕಂದು, ಸುತ್ತ ಕೆಂಪು ಅಂಚುಪಟ್ಟಿ. ಹಾಸಲು ಹೋದರೆ ಮೂಲೆ ಮುಗಿದರೂ ಹಾಸು ಮುಗಿಯಲಿಲ್ಲ. ಒಂದು ಕಡೆ ಗೋಡೆ ಹತ್ತಿತು, ಇನ್ನೊಂದು ಕಡೆ ಬೀರುವಿನ ಬಾಗಿಲನ್ನೇ ಮುಚ್ಚಿತು, ಉಳಿದದ್ದು ಮೊದಲ ಸಾಲಿನ ಮಕ್ಕಳ ಕಾಲಡಿಗೆ ಬಂತು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಗುಂಡ ಎಂಬ ಹುಡುಗ ಎದ್ದು ನಿಂತು, "ಕಡ್ಡಿಗೆ ಎಣಿಸೋಕೇ ಬರಲ್ಲ!" ಎಂದು ಕೂಗಿದ.

ಕಡ್ಡಿ ಅಳಲಿಲ್ಲ. ಮುಖ ಮಾತ್ರ ಬಿಗಿಯಾಯಿತು. ಹಾಸಿನ ಅಂಚನ್ನು ಪಕ್ಕಕ್ಕೆ ಸರಿಸಿ, ಗೋಡೆಗುಂಟ ಮತ್ತೆ ಅಳೆದಳು. ಹದಿನಾಲ್ಕು. ಅಗಲ ಅಳೆದಳು. ಹತ್ತು. ಎದ್ದು ಅಪ್ಪನ ಕಡೆ ತಿರುಗಿದಳು.

"ನೀನು ಎಷ್ಟು ಹಾಕಿದೆ?"

"ಹದಿನಾಲ್ಕು, ಹತ್ತು. ಒಂದು ಬೆರಳೂ ಹೆಚ್ಚು ಕಡಿಮೆ ಇಲ್ಲ ಕಣಮ್ಮ," ಎಂದ ಅವರಿಗೆ ನಾಚಿಕೆಯೋ ಗೊಂದಲವೋ, ಕೈ ಬರಿದಾದ ಕೊರಳನ್ನು ತಡವುತ್ತಿತ್ತು. ಅಂಗಡಿ ತೆರೆಯುವ ಹೊತ್ತಾಗಿತ್ತು, ಹೊರಟರು. ಬಾಗಿಲು ದಾಟುವಾಗ ಒಮ್ಮೆ ತಮ್ಮ ಅಂಗೈ ನೋಡಿಕೊಂಡರು. ಅವರಿಗೆ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರು ತಲೆಯಾಡಿಸಿ ಹೋದರು.

ಆದರೆ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಮಧ್ಯಾಹ್ನದವರೆಗೆ ತಡೆದೆ. ಶುಕ್ರವಾರ ಹತ್ತಿರ ಬರುತ್ತಿತ್ತು, ಮೂಲೆ ಕೈತಪ್ಪುವುದು ಕಣ್ಣಿಗೆ ಕಾಣುತ್ತಿತ್ತು. ಮಕ್ಕಳು ದಾರದಿಂದ ಮೇಜು ಅಳೆಯುತ್ತಿದ್ದಾಗ ನಾನು ಮೇಜಿನ ಖಾನೆಯಿಂದ ಟೇಪು ತೆಗೆದು ಕಡ್ಡಿಯ ಮುಂದೆ ಹಿಡಿದೆ.

"ಸಾಕು ಪುಟ್ಟಿ. ಎರಡು ನಿಮಿಷದ ಕೆಲಸ. ನಾನೇ ಅಳೆದು ಅಪ್ಪನಿಗೆ ಹೇಳ್ತೀನಿ."

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಬೇಡ. ನಾನೂ ಸುಳ್ಳು ಹೇಳಿಲ್ಲ. ಅಪ್ಪನೂ ಸುಳ್ಳು ಹೇಳಿಲ್ಲ. ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗದೆ ಟೇಪು ಯಾಕೆ?"

ಇಷ್ಟು ವರ್ಷ ನಾನು ಕಲಿಸಿದ್ದನ್ನು ಆರು ವರ್ಷದ ಹುಡುಗಿ ನನಗೇ ವಾಪಸು ಕೊಟ್ಟಳು. ಟೇಪು ಖಾನೆಗೆ ಹೋಯಿತು. ಮೂಲೆ ಹೋದರೆ ಹೋಗಲಿ ಎಂದು ಅನ್ನಿಸಲಿಲ್ಲ. ಮೂಲೆಯೂ ಬೇಕು, ಇವಳ ಉತ್ತರವೂ ಬೇಕು, ಎರಡರಲ್ಲಿ ಒಂದನ್ನೂ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದೆ.

ಸಂಜೆ ದೊಡ್ಡ ಮೇಡಂ ಇಣುಕಿ, ಗೋಡೆ ಹತ್ತಿದ ಹಾಸನ್ನು ನೋಡಿ, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರೆ. ನಿಮ್ಮಲ್ಲಿ ಹಾಸಿಗೇನೇ ಕಾಲು ಚಾಚಿದೆ!" ಎಂದು ನಕ್ಕು ಹೋದರು. ನನಗೂ ನಗು ಬಂತು, ಅವರು ಮರೆಯಾದ ಮೇಲೆ ನಕ್ಕೆ.

ಗುರುವಾರ ಕೈ ಬರೆಯುವ ದಿನ. ಕಾಗದದ ಮೇಲೆ ಎಡಗೈ ಹರವಿ ಇಟ್ಟು, ಸುತ್ತ ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆದು, ಕತ್ತರಿಸಿ, ಒಳಗೆ 'ಗ' ಬರೆದು ದಾರಕ್ಕೆ ನೇತುಹಾಕುವುದು. ಮಾದರಿಗೆಂದು ನಾನು ನನ್ನ ಕೈಯನ್ನೇ ಬರೆದು ಕತ್ತರಿಸಿದ್ದೆ. ಕೋಣೆಯಲ್ಲಿ ಕತ್ತರಿಗಳ ಸದ್ದು, ಅಂಟಿನ ವಾಸನೆ, ಯಾರದೋ ಕೈಗೆ ಆರನೇ ಬೆರಳು ಬಂದದ್ದಕ್ಕೆ ಪಂಚಾಯಿತಿ. ನಾನು ಆ ಪಂಚಾಯಿತಿ ಬಗೆಹರಿಸುತ್ತಿದ್ದಾಗ ಹಿಂದಿನಿಂದ ನನ್ನ ಸೀರೆ ಯಾರೋ ಜಗ್ಗಿದರು.

ಕಡ್ಡಿ. ಒಂದು ಕೈಯಲ್ಲಿ ನನ್ನ ಕಾಗದದ ಕೈ, ಅದರ ಮೇಲೆ ತನ್ನದು. ಅವಳ ಕೈ ನನ್ನದರೊಳಗೆ ಪೂರ್ತಿ ಅಡಗಿ, ಸುತ್ತ ಇನ್ನೂ ಜಾಗ ಉಳಿದಿತ್ತು.

"ಟೀಚರ್," ಎಂದಳು, ಉಸಿರು ಹಿಡಿದು. "ನಮ್ಮಪ್ಪನ ಕೈ ನಿಮ್ಮ ಕೈಗಿಂತ ದೊಡ್ಡದು."

ನಾನು ಪಂಚಾಯಿತಿ ಬಿಟ್ಟು ಪೂರ್ತಿ ಅವಳ ಕಡೆ ತಿರುಗಿದೆ.

"ಇಬ್ಬರದೂ ಹದಿನಾಲ್ಕೇ. ಗೇಣೇ ಬೇರೆ ಬೇರೆ!" ಎಂದು ಅವಳು ಕಿರುಚಿದಳು. ಇಡೀ ತರಗತಿ ಸುತ್ತುವರಿಯಿತು. ಗುಂಡ ತನ್ನ ಕಾಗದದ ಕೈ ತಂದು ಅವಳದರ ಮೇಲಿಟ್ಟು ನೋಡಿದ, ಅವನದು ಒಂದು ಉಗುರಿನಷ್ಟು ಹೆಚ್ಚಿತ್ತು. ಆಮೇಲೆ ಎಲ್ಲರೂ ಎಲ್ಲರ ಕೈ ಇಟ್ಟು ನೋಡಿದರು. ನಾನು ಆ ದಿನ ಕೇಳಬೇಕೆಂದು ಇಟ್ಟುಕೊಂಡಿದ್ದ ಪ್ರಶ್ನೆಗೆ ನನ್ನ ಅಗತ್ಯವೇ ಬೀಳಲಿಲ್ಲ.

"ಹಾಗಾದರೆ ಈಗೇನು ಮಾಡೋದು?" ಎಂದೆ.

"ನನ್ನ ಕೈ ಮನೆಗೆ ಕಳಿಸ್ಬೇಕು."

"ನಿನ್ನ ಕೈ ದಿನಾ ಮನೆಗೆ ಹೋಗುತ್ತಲ್ಲ ಪುಟ್ಟಿ?"

"ಹೋಗುತ್ತೆ. ಆದರೆ ನಾನು ಮಲಗಿಬಿಡ್ತೀನಿ. ಅಪ್ಪ ಆಮೇಲೂ ಹೊಲೀತಾ ಇರ್ತಾರೆ."

ಕಾಗದದ ಕೈ ಮಡಿಚಿಕೊಳ್ಳುತ್ತದೆಂದು ಗುಂಡನೇ ಒಂದು ರಟ್ಟಿನ ಡಬ್ಬಿಯ ಮುಚ್ಚಳ ತಂದುಕೊಟ್ಟ. ಕಡ್ಡಿ ತನ್ನ ಕೈಯನ್ನು ಅದಕ್ಕೆ ಅಂಟಿಸಿ, ಸುತ್ತ ಕತ್ತರಿಸಿ, ಒಳಗೆ ಮುತುವರ್ಜಿಯಿಂದ 'ಗ' ಬರೆದಳು. ಅವಳ ಅಪ್ಪ ಸಂಜೆ ಬಂದು ಹಾಸನ್ನು ಸುತ್ತಿ ಹೆಗಲಿಗೇರಿಸಿಕೊಂಡರು. ಅಂಚು ಬಿಚ್ಚಬೇಕು, ಕತ್ತರಿಸಬೇಕು, ಮತ್ತೆ ಅಂಚು ಕೂರಿಸಬೇಕು, ಅಂಗಡಿಯಲ್ಲಿ ಬೇರೆಯವರ ಬಟ್ಟೆ ಕಾಯುತ್ತಿದೆ. ಬೆಳಿಗ್ಗೆಗೆ ಆಗುತ್ತದೋ ಇಲ್ಲವೋ ಎಂದರು. ಮಗಳು ರಟ್ಟಿನ ಕೈಯನ್ನು ಅವರ ಅಂಗಿಯ ಜೇಬಿಗೆ ಇಟ್ಟು, "ಆಗುತ್ತೆ," ಎಂದಳು.

ಶುಕ್ರವಾರ ಪ್ರಾರ್ಥನೆಗೆ ಕಡ್ಡಿ ಬರಲಿಲ್ಲ. ಹಾಜರಿಗೂ ಬರಲಿಲ್ಲ. ಬೆಂಚಿನ ಆಳುಗಳು ಇಬ್ಬರು ಬಂದು ಮೊದಲ ಬೆಂಚನ್ನು ನಮ್ಮ ಬಾಗಿಲ ಹೊರಗೆ ಇಳಿಸಿ, ಅದರ ಮೇಲೇ ಕೂತು ಬೆವರು ಒರೆಸಿಕೊಂಡರು. ದೊಡ್ಡ ಮೇಡಂ ಒಳಗೆ ಬಂದು ಬರಿ ನೆಲ ನೋಡಿದರು.

"ಏನಮ್ಮ, ಎಲ್ಲಿ?"

"ದಾರಿಯಲ್ಲಿದೆ," ಎಂದೆ. ನನಗೇನು ಗೊತ್ತು ದಾರಿಯಲ್ಲಿದೆಯೋ ಮೇಜಿನ ಮೇಲಿದೆಯೋ. ಆದರೂ ಮೂಲೆಗೂ ಬಾಗಿಲಿಗೂ ನಡುವೆ ಹೋಗಿ ನಿಂತೆ. ನನ್ನನ್ನು ದಾಟಿ ಬೆಂಚು ತರಲಿ ನೋಡೋಣ.

ಆಗ ಜಗುಲಿಯಲ್ಲಿ ಓಡುವ ಸದ್ದು. ಅಪ್ಪ ಮಗಳು ಏದುಸಿರು ಬಿಡುತ್ತ ಬಂದರು. ಸುರುಳಿ ಈಗ ಸಣ್ಣದಾಗಿತ್ತು. ಕಡ್ಡಿ ಯಾರನ್ನೂ ನೋಡದೆ ನೇರ ಮೂಲೆಗೆ ಹೋಗಿ ಬಿಡಿಸಿದಳು. ಕೆಂಪು ಅಂಚು ಈ ಗೋಡೆಯ ಬುಡಕ್ಕೆ ಕೂತಿತು, ಆ ಗೋಡೆಯ ಬುಡಕ್ಕೆ ಕೂತಿತು, ಬೀರುವಿನ ಕಾಲಿನ ಹತ್ತಿರ ನಿಂತಿತು. ಬೀರುವಿನ ಬಾಗಿಲು ತೆರೆದು ನೋಡಿದೆ, ತೆರೆಯಿತು.

ಮಕ್ಕಳು ಚಪ್ಪಾಳೆ ತಟ್ಟಿದರು. ಗುಂಡ ಎಲ್ಲರಿಗಿಂತ ಜೋರಾಗಿ. ದೊಡ್ಡ ಮೇಡಂ ಮಾತ್ರ ಹಲಗೆಯ ಮೇಲಿನ ಹದಿನಾಲ್ಕನ್ನು ನೋಡಿ, ಬಗ್ಗಿ, ತಮ್ಮ ಗೇಣಿನಿಂದ ಹಾಸನ್ನು ಅಳೆದರು.

"ನನ್ನ ಲೆಕ್ಕಕ್ಕೆ ಒಂಬತ್ತೂವರೆ ಬಂತಲ್ಲ. ತಪ್ಪು ಬರೆದಿದ್ದೀರಿ."

"ತಪ್ಪಿಲ್ಲ ಮೇಡಂ," ಎಂದಳು ಕಡ್ಡಿ. "ಎಷ್ಟು ಅಂತ ಹೇಳಿದರೆ ಸಾಲದು. ಯಾರ ಕೈ ಅಂತಾನೂ ಹೇಳ್ಬೇಕು." ಆಮೇಲೆ ಚೀಲಕ್ಕೆ ಕೈಹಾಕಿ, ಮಿಕ್ಕ ಹಾಸನ್ನು ಮಡಿಚಿ ಹೊಲಿದ ದಪ್ಪ ದಿಂಬೊಂದನ್ನು ಎಳೆದಳು. "ಇದು ನಿಮಗೆ. ಮೊಣಕಾಲು ಒಪ್ಪಲ್ಲ ಅಂದಿದ್ರಲ್ಲ. ಇದರ ಮೇಲೆ ಕೂತರೆ ಒಪ್ಪುತ್ತೆ."

ದೊಡ್ಡ ಮೇಡಂ ದಿಂಬನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹೇಳಿಕೊಟ್ಟದ್ದಲ್ಲ ಎಂದು ನನ್ನ ಮುಖವೇ ಹೇಳಿರಬೇಕು. ಗೋಡೆ ಹಿಡಿದು, ಮೆಲ್ಲಗೆ, ಅಮ್ಮಾ ಎನ್ನುತ್ತ ಕೂತರು. ಅವರ ಸುತ್ತ ಐದು ಮಕ್ಕಳು ಅಂಟಿಕೊಂಡು ಕೂತವು. ಕಡ್ಡಿ ಅವರ ಪಕ್ಕದಲ್ಲಿ ಪುಸ್ತಕ ತೆರೆದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಅವಳ ಅಪ್ಪ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ರಟ್ಟಿನ ಕೈ ಇನ್ನೂ ಅವರ ಜೇಬಿನಲ್ಲಿತ್ತು, ನಾಲ್ಕು ಬೆರಳು ಹೊರಗೆ ಚಾಚಿ.

ಕಾದು ಕಾದು ಸಾಕಾದ ಆಳು ಒಳಗೆ ಇಣುಕಿದ.

"ಮೇಡಂ, ಈ ಮೂಲೆ ಅಲ್ವಾ? ನಾಲ್ಕು ಬೆಂಚು ಆರಾಮಾಗಿ ಹಿಡಿಯುತ್ತೆ. ಜಾಗ ಇದೆ."

"ಅದು ನಿನ್ನ ಕಣ್ಣಳತೆಯಪ್ಪ," ಎಂದರು ದೊಡ್ಡ ಮೇಡಂ, ನೆಲದಿಂದ ಏಳದೆ. "ಇವರ ಕೈಯಳತೆಗೆ ಮೂಲೆ ತುಂಬಿಹೋಗಿದೆ. ತಗೊಂಡು ಹೋಗು."

ಕಡ್ಡಿ ತಲೆಯೆತ್ತಲಿಲ್ಲ. ಬೆರಳನ್ನು ಮುಂದಿನ ಸಾಲಿಗೆ ಇಳಿಸಿದಳು.